ನಾಯಿ ಮೈಮೇಲೆ ಸ್ವಲ್ಪ, ಮನೆ ನೆಲದಲ್ಲಿ ರಾಶಿ: ಚಿಗಟಕ್ಕೆ ಬರೀ ಬೇವಿನ ಎಣ್ಣೆ ಯಾಕೆ ಸಾಲಲ್ಲ?

ಸಾಗರ: ಮಳೆ ಹಿಡಿದರೆ ಮಲೆನಾಡಿನ ಮನೆಗಳಲ್ಲಿ ಎರಡು ತಾಪತ್ರಯ ಒಟ್ಟಿಗೇ ಶುರು. ಒಂದು, ಬಟ್ಟೆ ಒಣಗಲ್ಲ. ಇನ್ನೊಂದು, ಸಾಕಿದ ನಾಯಿ, ಬೆಕ್ಕು ಕೂತಲ್ಲಿ ನಿಂತಲ್ಲಿ ಮೈ ಕೆರೆದುಕೊಳ್ಳುತ್ತವೆ. ಜಗಲಿಯಲ್ಲಿ ಕೂತವರ ಪಾದದ ಗಂಟಿನ ಸುತ್ತ ಕೆಂಪು ಗುಳ್ಳೆ ಏಳುತ್ತವೆ. ಇಲಿ ಕಾಟ ತಪ್ಪಲಿ ಅಂತ ಅಂಗಡಿಯಲ್ಲಿ ಬೆಕ್ಕು ಸಾಕಿದವರಿಗೂ ಇದೇ ಗೋಳು. ಗೋಣಿಚೀಲದ ಮೇಲೆ ಬೆಕ್ಕು ಮಲಗುತ್ತೆ, ಚಿಗಟ ಗಿರಾಕಿಯ ಕಾಲಿಗೆ ಹಾರುತ್ತೆ.

ಆಗ ಎಲ್ಲರೂ ಮೊಬೈಲ್ ನೋಡುತ್ತಾರೆ. ಬೇವಿನ ಎಣ್ಣೆ, ನಿಂಬೆ ರಸ, ಬೆಳ್ಳುಳ್ಳಿ, ಕರ್ಪೂರ ಕಲಸಿದ ಕೊಬ್ಬರಿ ಎಣ್ಣೆ, ಹೀಗೆ ದಿನಕ್ಕೊಂದು ಮದ್ದು ವಾಟ್ಸಾಪ್‌ನಲ್ಲಿ ಬರುತ್ತೆ. ಹಚ್ಚಿದ ಎರಡು ದಿನ ಆರಾಮ, ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಕೆರೆತ. ಮದ್ದು ಕೆಲಸ ಮಾಡಲಿಲ್ಲ ಅಂತ ಜನ ಹೊಲದ ವಿಷಕ್ಕೆ ಕೈ ಹಾಕುವುದು ಇಲ್ಲಿಂದಲೇ.

ಲೆಕ್ಕ ತಪ್ಪುವುದು ಎಲ್ಲಿ?

ಕಣ್ಣಿಗೆ ಕಾಣುವ ದೊಡ್ಡ ಚಿಗಟಗಳು ಒಟ್ಟು ಸಂಖ್ಯೆಯಲ್ಲಿ ಅಂದಾಜು ಶೇ 5ರಷ್ಟು ಮಾತ್ರ. ಉಳಿದ ಶೇ 95ರಷ್ಟು ಮೊಟ್ಟೆ, ಮರಿಹುಳು ಮತ್ತು ಗೂಡಿನ ರೂಪದಲ್ಲಿ ಮನೆಯೊಳಗೇ ಇರುತ್ತವೆ. ಹೆಣ್ಣು ಚಿಗಟ ದಿನಕ್ಕೆ 40–50ರವರೆಗೂ ಮೊಟ್ಟೆ ಇಡುತ್ತೆ. ಮೊಟ್ಟೆ ಕೂದಲಿಗೆ ಅಂಟಲ್ಲ. ನಾಯಿ ಮಲಗಿದಲ್ಲಿ, ಮೈ ಕೊಡವಿದಲ್ಲಿ ಉದುರುತ್ತೆ. ನೆಲದ ಬಿರುಕು, ಚಾಪೆಯ ಅಡಿ, ಗೋಣಿಚೀಲದ ಸಂದಿಯಲ್ಲಿ ಮರಿಹುಳು ಬೆಳೆಯುತ್ತೆ. ಅದಕ್ಕೆ ಕತ್ತಲು ಬೇಕು, ತೇವ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಎರಡಕ್ಕೂ ಬರವಿಲ್ಲ.

ಆಮೇಲೆ ಅದು ಗೂಡು ಕಟ್ಟಿಕೊಳ್ಳುತ್ತೆ. ಗೂಡಿನೊಳಗೆ ಎಣ್ಣೆ, ಪುಡಿ ಯಾವುದೂ ಸುಲಭಕ್ಕೆ ಇಳಿಯಲ್ಲ. ತಿಂಗಳುಗಟ್ಟಲೆ ಒಳಗೇ ಕಾಯುತ್ತೆ. ಹತ್ತಿರ ಯಾರಾದರೂ ಓಡಾಡಿದ ಅದುರು, ಮೈ ಬಿಸಿ, ಉಸಿರು ತಾಗಿದರೆ ಹೊರಗೆ ಬರುತ್ತೆ. ನಾಯಿ ಮೈಗೆ ಎಷ್ಟೇ ಬೇವಿನ ಎಣ್ಣೆ ಹಚ್ಚಿದರೂ ನೆಲದ ರಾಶಿಗೆ ಏನೂ ಆಗದಿರುವುದು ಇದಕ್ಕೇ. ಬೇವಿನ ವಾಸನೆಗೆ ಚಿಗಟ ಒಂದಷ್ಟು ದೂರ ಹೋಗಬಹುದು, ಅಷ್ಟೇ.

ಖರ್ಚಿಲ್ಲದ ದಾರಿ

ಮೊದಲು ಚಿಗಟ ಹೌದೋ ಅಲ್ಲವೋ ನೋಡಿಕೊಳ್ಳಬೇಕು. ನಾಯಿಯ ಬಾಲದ ಬುಡದ ಕೂದಲು ಬಾಚಿದಾಗ ಉದುರುವ ಕಪ್ಪು ಕಣಗಳನ್ನು ಒದ್ದೆ ಬಿಳಿ ಬಟ್ಟೆ ಮೇಲೆ ಹಾಕಿ. ಕೆಂಪು ಕಲೆ ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ಕುಡಿದ ರಕ್ತ.

ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಯಿಂದ ದಿನಾ ಕುತ್ತಿಗೆ, ಬಾಲದ ಬುಡ ಬಾಚಿ, ಪ್ರತಿ ಸಲ ಸೋಪು ನೀರಿಗೆ ಅದ್ದಬೇಕು. ಬರೀ ನೀರಾದರೆ ಚಿಗಟ ಹಾರಿಕೊಳ್ಳುತ್ತೆ, ಸೋಪು ನೀರಲ್ಲಿ ಮುಳುಗುತ್ತೆ. ನಾಯಿ, ಬೆಕ್ಕು ಮಲಗುವ ಬಟ್ಟೆ, ಚೀಲವನ್ನು ವಾರಕ್ಕೊಮ್ಮೆ ಬಚ್ಚಲ ಹಂಡೆಯ ಸುಡುನೀರಿಗೆ ಹಾಕಿ ಒಗೆಯಬೇಕು. ಬಿಸಿಲಿದ್ದ ದಿನ ಒಣಹಾಕಿ, ಇಲ್ಲದಿದ್ದರೆ ಇಸ್ತ್ರಿ ಹಾಕಿ. ಮೂಲೆ, ಮಂಚದ ಅಡಿ, ಗೋದಾಮಿನ ಚೀಲದ ಸಾಲು ಸರಿಸಿ ದಿನಾ ಗುಡಿಸಬೇಕು. ಗುಡಿಸಿದ ಕಸ ಬಾಗಿಲ ಮುಂದೆ ಸುರಿಯಬಾರದು, ದೂರ ಹಾಕಬೇಕು. ನೆಲದ ಬಿರುಕು ಮುಚ್ಚಬೇಕು.

ರಾತ್ರಿ ಬಲ್ಬಿನ ಕೆಳಗೆ ಅಗಲ ತಟ್ಟೆಯಲ್ಲಿ ಸೋಪು ನೀರಿಟ್ಟರೆ ಬೆಳಕಿಗೆ ಹಾರಿದ ಚಿಗಟ ಬೀಳುತ್ತವೆ. ಇದರಿಂದ ಎಲ್ಲ ಮುಗಿಯಲ್ಲ. ಆದರೆ ಕಾಟ ಕಮ್ಮಿಯಾಗ್ತಿದೆಯೋ ಇಲ್ಲವೋ ಅನ್ನೋ ಲೆಕ್ಕ ಸಿಗುತ್ತೆ. ಈ ಕೆಲಸ ಎರಡು ಮೂರು ತಿಂಗಳು ನಡೆಯಲೇಬೇಕು. ಮಧ್ಯೆ ಬಿಟ್ಟರೆ ಗೂಡಲ್ಲಿದ್ದದ್ದು ಹೊರಬಂದು ಮತ್ತೆ ಮೊದಲಿಂದ ಶುರು.

‘ನೈಸರ್ಗಿಕ’ ಅಂದಾಕ್ಷಣ ಸುರಕ್ಷಿತವಲ್ಲ

ಬೆಳ್ಳುಳ್ಳಿ, ಈರುಳ್ಳಿ ತಿನ್ನಿಸಿದರೆ ನಾಯಿ, ಬೆಕ್ಕುಗಳ ರಕ್ತದ ಕೆಂಪು ಕಣ ಹಾಳಾಗುತ್ತೆ. ಕರ್ಪೂರ ಹಚ್ಚಿದರೆ ಅವು ನೆಕ್ಕುತ್ತವೆ, ಹೊಟ್ಟೆಗೆ ಹೋದರೆ ಅದು ವಿಷ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಗಾಯ ಮಾಡುತ್ತೆ, ಹಚ್ಚುವವರ ಕಣ್ಣಿಗೂ ಅಷ್ಟೇ. ಬೆಕ್ಕಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಘಾಟು ಎಣ್ಣೆಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಪಿತ್ತಜನಕಾಂಗಕ್ಕೆ ಕಮ್ಮಿ. ನಾಯಿಗೆಂದು ಮಾರುವ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ಹಾಕಿದರೆ ಜೀವಕ್ಕೇ ಕುತ್ತು.

ಇಲ್ಲಿ ಅಂಗಡಿಯವರ ಪಾತ್ರವೂ ದೊಡ್ಡದು. ಗದ್ದೆ, ತೋಟಕ್ಕೆ ಹೊಡೆಯುವ ಕೀಟನಾಶಕವನ್ನು ‘ಸ್ವಲ್ಪ ನೀರಿಗೆ ಹಾಕಿ ನಾಯಿಗೆ ಸವರಿ’ ಅಂತ ಕೊಡುವುದು ಗಿರಾಕಿಗೆ ಮಾಡುವ ಉಪಕಾರವಲ್ಲ. ಅದೇ ನಾಯಿಯನ್ನು ಮನೆಯ ಮಕ್ಕಳು ತಬ್ಬಿಕೊಳ್ಳುತ್ತಾರೆ. ಹಳಬರು ಈಗಲೂ ಕೇಳುವ ಬಿಎಚ್‌ಸಿ ಪುಡಿ ದೇಶದಲ್ಲಿ 1997ರಲ್ಲೇ ನಿಷೇಧವಾಗಿದೆ.

ಉಣುಗು ಬೇರೆ, ಚಿಗಟ ಬೇರೆ

ಈ ಭಾಗದಲ್ಲಿ ಎರಡನ್ನೂ ಒಂದೇ ಅಂದುಕೊಳ್ಳುವಂತಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಕಾಡಿನ ಉಣುಗು, ಚಿಗಟವಲ್ಲ. ಚಿಗಟಕ್ಕೆ ಆರು ಕಾಲು, ಹಾರುತ್ತೆ. ಬೆಳೆದ ಉಣುಗಿಗೆ ಎಂಟು ಕಾಲು, ಕಚ್ಚಿಕೊಂಡು ಕೂರುತ್ತೆ. ಚಿಗಟಕ್ಕೆ ಹೇಳಿದ ಮನೆಮದ್ದು ನಂಬಿಕೊಂಡು ಕಾಡಿಗೆ ಹೋಗುವುದು ಅಪಾಯ. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನೇ ಹಚ್ಚಿಕೊಳ್ಳಬೇಕು.

ಹಾಗಂತ ಚಿಗಟ ಬರೀ ತುರಿಕೆಯ ವಿಷಯವೂ ಅಲ್ಲ. ಚಿಗಟ ನುಂಗಿದ ನಾಯಿ, ಬೆಕ್ಕಿಗೆ ಲಾಡಿಹುಳು ಬರುತ್ತೆ. ಸಣ್ಣ ಮರಿಗಳು ರಕ್ತ ಕಳೆದುಕೊಂಡು ಸಾಯುವುದೂ ಉಂಟು. ಮರಿಯ ಒಸಡು ಬಿಳಿಚಿಕೊಂಡಿದ್ದರೆ ಮನೆಮದ್ದು ಬಿಟ್ಟು ಅವತ್ತೇ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಬೇಕು. ಯಾವ ಔಷಧಿ, ಎಷ್ಟು ತೂಕಕ್ಕೆ ಎಷ್ಟು ಅನ್ನೋದನ್ನ ವೈದ್ಯರೇ ಹೇಳಬೇಕು.

ಕಾಟ ತಡೆಯಲಾರದೆ ನಾಯಿಯನ್ನು ಪೇಟೆಗೋ ಹೆದ್ದಾರಿಗೋ ಬಿಟ್ಟು ಬರುವವರೂ ಇದ್ದಾರೆ. ಅದರಿಂದ ಬೀದಿನಾಯಿ ಒಂದು ಹೆಚ್ಚಾಗುತ್ತೆ, ಮನೆಯ ಚಿಗಟ ಕಮ್ಮಿಯಾಗಲ್ಲ. ನಾಯಿ ಹೋದ ಮೇಲೂ ನೆಲದಲ್ಲಿದ್ದ ಗೂಡುಗಳು ಒಡೆಯುತ್ತವೆ. ಹಸಿದ ಚಿಗಟಕ್ಕೆ ಆಗ ಮನೆಯಲ್ಲಿ ಉಳಿಯುವುದು ಮನುಷ್ಯರ ಕಾಲು ಮಾತ್ರ.