ಜ್ವರ ಬಿಟ್ಟರೂ ಬಿಡದ ಏದುಸಿರು

ಕೊರೋನಾ ಎಂಬ ಹೆಸರು ಪತ್ರಿಕೆಗಳ ಮುಖಪುಟದಿಂದ ಮರೆಯಾಗಿ ಕೆಲವು ವರ್ಷಗಳೇ ಸಂದಿವೆ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿದ ಬಳಿಕ ಸರಕಾರಗಳೂ ತಮ್ಮ ಕಡತಗಳನ್ನು ಕಟ್ಟಿ ಅಟ್ಟಕ್ಕೇರಿಸಿದುವು. ಆದರೆ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಗ್ರಾಮಗಳಲ್ಲಿ ಮಕ್ಕಳ ಮನೆ ಭೇಟಿಗೆಂದು ಹೋಗುವ ನಮ್ಮಂತಹ ಅಧ್ಯಾಪಕರಿಗೆ ಇನ್ನೂ ಕೇಳಿಬರುವ ಮಾತೊಂದಿದೆ: "ಅಂದಿನ ಜ್ವರದ ಮೇಲೆ ಇವರಿಗೆ ಮೊದಲಿನ ಹಾಗೆ ಆಗುವುದಿಲ್ಲ ಮಾಸ್ಟ್ರೇ." ಹೀಗೆ ಹೇಳುವವಳು ಮನೆಯ ಗೃಹಿಣಿ. ಆ 'ಇವರು' ಜಗಲಿಯಲ್ಲಿ ಕುಳಿತಿರುತ್ತಾರೆ. ಒಂದು ಕಾಲದಲ್ಲಿ ದಿನಕ್ಕೆ ಹತ್ತಾರು ಕಂಗುಗಳನ್ನೇರಿ ಅಡಿಕೆಗೊನೆ ಇಳಿಸುತ್ತಿದ್ದವರು ಈಗ ಬಾವಿಯಿಂದ ಒಂದು ಕೊಡ ನೀರು ಸೇದಿದರೆ ಎರಡು ಮಿನಿಟು ನಿಂತು ಉಸಿರು ಹಿಡಿಯಬೇಕಾಗುತ್ತದೆ. ನೆರೆಹೊರೆಯವರು ಇದಕ್ಕೆ ಇಟ್ಟ ಹೆಸರು ಸೋಮಾರಿತನ.

ಇದು ಸೋಮಾರಿತನವೂ ಅಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. ನಮ್ಮ ಶ್ವಾಸಕೋಶಗಳಲ್ಲಿ ಕೋಟಿಗಟ್ಟಲೆ ಗಾಳಿಯ ಗೂಡುಗಳಿವೆ. ಅವುಗಳ ಗೋಡೆ ಎಷ್ಟು ತೆಳುವೆಂದರೆ ಗಾಳಿಯಲ್ಲಿರುವ ಆಮ್ಲಜನಕವು ಅದನ್ನು ದಾಟಿ ರಕ್ತಕ್ಕೆ ಸೇರುತ್ತದೆ. ಉಗ್ರವಾದ ವೈರಸ್ ಸೋಂಕು ತಗಲಿದಾಗ ಈ ಗೋಡೆಗೆ ಗಾಯವಾಗುತ್ತದೆ, ಗೂಡುಗಳೊಳಗೆ ನೀರು ತುಂಬುತ್ತದೆ. ಆಗಲೇ ರೋಗಿಗೆ ಆಮ್ಲಜನಕದ ಕೊಳವೆ ಬೇಕಾಗುವುದು. ಬಹುತೇಕ ಜನರಲ್ಲಿ ಈ ಗಾಯ ಕೆಲವು ತಿಂಗಳುಗಳಲ್ಲಿ ಮಾಯುತ್ತದೆ. ಕೆಲವರಲ್ಲಿ ಮಾತ್ರ ಸುಟ್ಟಗಾಯದ ಕಲೆ ಚರ್ಮದ ಮೇಲೆ ಬಿಗಿದುಕೊಂಡು ಉಳಿಯುವಂತೆ ಶ್ವಾಸಕೋಶದೊಳಗೂ ಬಿಗಿದ ಕಲೆ ಉಳಿದುಬಿಡುತ್ತದೆ. ವೈದ್ಯರು ಇದನ್ನು ಫೈಬ್ರೋಸಿಸ್ ಎನ್ನುತ್ತಾರೆ. ಬಿಗಿದ ಭಾಗವು ಹಿಗ್ಗದು, ಆಮ್ಲಜನಕವನ್ನೂ ಸರಾಗವಾಗಿ ದಾಟಗೊಡದು. ಪ್ರಾಯ ಹೆಚ್ಚಿದವರು, ಬೀಡಿ ಸಿಗರೇಟು ಸೇದುವವರು, ಬಹುದಿನ ಆಮ್ಲಜನಕದ ಮೇಲೆಯೋ ವೆಂಟಿಲೇಟರಿನ ಮೇಲೆಯೋ ಇದ್ದವರು, ಇವರಿಗೆ ಈ ಅಪಾಯ ಹೆಚ್ಚು.

ಇದು ಕೊರೋನಾ ಒಂದರ ಕಥೆಯೂ ಅಲ್ಲ. 2003ರಲ್ಲಿ ಚೀನದಲ್ಲಿ ಸಾರ್ಸ್ ರೋಗ ಹಬ್ಬಿದಾಗ ಅದಕ್ಕೆ ತುತ್ತಾದ ಬೀಜಿಂಗಿನ ಆಸ್ಪತ್ರೆ ಸಿಬ್ಬಂದಿಯನ್ನು ಅಲ್ಲಿನ ವೈದ್ಯರು 15 ವರ್ಷಗಳ ಕಾಲ ಬಿಡದೆ ಪರೀಕ್ಷಿಸಿದರು. ಶ್ವಾಸಕೋಶದ ಕಲೆಗಳು ಮೊದಲ ವರ್ಷದಲ್ಲಿ ಬಹಳಷ್ಟು ಕುಗ್ಗಿದುವು, ಆ ಬಳಿಕ ಉಳಿದುದು ಹೆಚ್ಚು ಕಡಮೆ ಹಾಗೆಯೇ ಉಳಿಯಿತು. 2009ರ ಹಂದಿಜ್ವರದಲ್ಲಿ ಬದುಕುಳಿದ ಕೆಲವರಲ್ಲಿಯೂ ಇಂತಹುದೇ ಹಾನಿ ಕಂಡುಬಂದಿದೆ. ಮಕ್ಕಳಲ್ಲಿಯಾದರೆ ಅಡಿನೋವೈರಸಿನ ಕಠಿಣ ನ್ಯುಮೋನಿಯದ ಬಳಿಕ ಅಪರೂಪಕ್ಕೆ ಸಣ್ಣ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವುದುಂಟು. ಡ್ರಿಲ್ ಪೀರಿಯಡಿನಲ್ಲಿ ಅರ್ಧ ಸುತ್ತಿಗೇ ನಿಲ್ಲುವ ಹುಡುಗನಿಗೆ ಬೆತ್ತ ತೋರಿಸುವ ಮೊದಲು ನಮ್ಮ ಸಹೋದ್ಯೋಗಿಗಳು ಇದನ್ನೊಮ್ಮೆ ನೆನೆಯುವುದು ಒಳಿತು.

ಈ ರೋಗದ ಒಂದು ಕುಟಿಲತೆಯನ್ನು ಓದುಗರು ತಿಳಿದಿರಬೇಕು. ರೋಗಿ ಕುಳಿತಿರುವಾಗ ಬೆರಳಿಗೆ ಸಿಕ್ಕಿಸುವ ಯಂತ್ರವು 96, 97 ಎಂದು ತೋರಿಸೀತು. ಎದೆಯ ಎಕ್ಸ್‌ರೇಯಲ್ಲೂ ದೊಡ್ಡ ದೋಷ ಕಾಣದಿರಬಹುದು. ಊದಿಸಿ ನೋಡುವ ಸಾದಾ ಪರೀಕ್ಷೆಯೂ ಸರಿಯೆಂದೇ ಹೇಳೀತು. ಅದೇ ಮನುಷ್ಯನನ್ನು ಆರು ಮಿನಿಟು ನಡೆಸಿ ನೋಡಿದರೆ ಆ ಅಂಕೆ 90ರಿಂದ ಕೆಳಗಿಳಿಯಬಹುದು. ಸಂದೇಹವಿದ್ದಲ್ಲಿ ಸ್ಕ್ಯಾನ್ ಮಾಡಿಸಬೇಕು, ಅನಿಲವು ರಕ್ತಕ್ಕೆ ದಾಟುವ ಪ್ರಮಾಣವನ್ನು ಅಳೆಯುವ ಪರೀಕ್ಷೆಯನ್ನೂ ಮಾಡಿಸಬೇಕು. ಕುರ್ಚಿಯಲ್ಲಿ ಕುಳ್ಳಿರಿಸಿ ಬೆರಳು ನೋಡಿ "ಏನೂ ಇಲ್ಲ, ಹೋಗಿ" ಎಂದು ಕಳುಹಿಸಿದರೆ ಇರುವ ರೋಗವೂ ಇಲ್ಲವಾಗುತ್ತದೆ, ಕಾಗದದ ಮೇಲೆ.

ಇನ್ನು ನಮ್ಮ ಜಿಲ್ಲೆಯ ವಿಶೇಷ ಸಂಕಟಕ್ಕೆ ಬರೋಣ. ಕನ್ನಡಿಗ ರೋಗಿಯು ವೈದ್ಯರ ಮುಂದೆ ಕುಳಿತು "ತುಂಬ ಸುಸ್ತು" ಎನ್ನುತ್ತಾನೆ. ನಮ್ಮ 'ಸುಸ್ತು' ಬಲು ವಿಶಾಲವಾದ ಪದ. ಮೈ ನಿಶ್ಶಕ್ತಿಯೂ ಅದೇ, ಏದುಸಿರೂ ಅದೇ, ತಲೆ ತಿರುಗುವುದೂ ಅದೇ. ಮಲೆಯಾಳ ಬಲ್ಲ ಸಹಾಯಕನು ಅದನ್ನು 'ಕ್ಷೀಣಂ' ಎಂದು ಭಾಷಾಂತರಿಸುತ್ತಾನೆ. ಕ್ಷೀಣಕ್ಕೆ ಟಾನಿಕ್ ಬರುತ್ತದೆ. 'ಕಿದಪ್ಪ್' ಎಂದಿದ್ದರೆ, 'ಶ್ವಾಸಂಮುಟ್ಟಲ್' ಎಂದಿದ್ದರೆ ಎದೆಯ ಪರೀಕ್ಷೆ ನಡೆಯುತ್ತಿತ್ತು. ಒಂದು ಪದದಲ್ಲಿ ರೋಗವೇ ಬದಲಾಗಿಹೋಯಿತು! ತುಳು, ಕೊಂಕಣಿ, ಮರಾಠಿ, ಬ್ಯಾರಿ ಮಾತನಾಡುವ ಮನೆಗಳ ವೃದ್ಧರ ಪಾಡು ಇದಕ್ಕಿಂತ ಭಿನ್ನವಲ್ಲ. ಭಾಷೆಯ ಪ್ರಶ್ನೆಯೆಂದರೆ ಕೇವಲ ನಾಮಫಲಕದ, ನೇಮಕಾತಿಯ ಪ್ರಶ್ನೆಯೆಂದು ತಿಳಿದವರು ಒಮ್ಮೆ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತು ನೋಡಲಿ. ಆದುದರಿಂದ ಓದುಗರಲ್ಲಿ ನಮ್ಮದೊಂದು ಬಿನ್ನಹ: ಸುಸ್ತು ಎಂದಷ್ಟೇ ಹೇಳಿ ಬರಬೇಡಿ. ಎಷ್ಟು ಮೆಟ್ಟಿಲು ಏರಿದಾಗ ನಿಲ್ಲಬೇಕಾಯಿತು, ಮೊದಲು ಎಷ್ಟು ದೂರ ನಡೆಯುತ್ತಿದ್ದಿರಿ, ಈಗ ಎಷ್ಟು, ಕೆಮ್ಮು ಒಣಕೆಮ್ಮೇ ಎಂಬುದನ್ನು ಹೇಳಿ. ಅಂದಿನ ಆಸ್ಪತ್ರೆಯ ಚೀಟಿಯನ್ನು ತಪ್ಪದೆ ಒಯ್ಯಿರಿ. ಎರಡು ವಾರ ಮೀರಿದ ಕೆಮ್ಮಾದರೆ ಕಫ ಪರೀಕ್ಷೆಯೂ ಆಗಲಿ, ಏಕೆಂದರೆ ಕ್ಷಯವು ಇನ್ನೂ ನಮ್ಮಲ್ಲಿಂದ ತೊಲಗಿಲ್ಲ.

ಚಿಕಿತ್ಸೆ ಇಲ್ಲವೇ ಎಂದು ಕೇಳುವವರಿದ್ದಾರೆ. ಕಲೆಯನ್ನು ಅಳಿಸುವ ಔಷಧ ಇಲ್ಲ. ಉಳಿದ ಶ್ವಾಸಕೋಶದಿಂದ ಹೆಚ್ಚು ಕೆಲಸ ತೆಗೆಯುವ ದಾರಿ ಇದೆ. ಕ್ರಮವಾದ ನಡಿಗೆ, ಉಸಿರಾಟದ ವ್ಯಾಯಾಮ, ಕೈಕಾಲುಗಳ ಬಲವರ್ಧನೆ, ಇವನ್ನು ತಿಳಿದವರ ಮಾರ್ಗದರ್ಶನದಲ್ಲಿ ಕೆಲವು ವಾರ ಮಾಡಿದವರು ನಡೆಯುವ ದೂರವನ್ನು ಹೆಚ್ಚಿಸಿಕೊಂಡಿದ್ದಾರೆ. ಧೂಮಪಾನ ಪೂರ್ತಿ ನಿಲ್ಲಬೇಕು, ಅಡುಗೆಮನೆಯ ಹೊಗೆ ಕಡಮೆಯಾಗಬೇಕು. ಮತ್ತೊಂದು ಸೋಂಕು ತಗಲದಂತೆ ಫ್ಲೂ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಬೇಕು. ಅಂಗಡಿಯಿಂದ ತಾವೇ ಸ್ಟಿರಾಯ್ಡ್ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗುವುದು ಮಾತ್ರ ಬೇಡವೇ ಬೇಡ. ಸಕ್ಕರೆ ಕಾಯಿಲೆ, ಮೂಳೆಯ ಸವೆತ ಅದರ ಬೆನ್ನಿಗೇ ಬರುತ್ತವೆ.

ಕಾಸರಗೋಡಿನವರಿಗೆ ವೈದ್ಯಕೀಯದ ದೂರ ಎಂದರೇನೆಂಬುದು 2020ರ ಮಾರ್ಚಿನಲ್ಲಿ ಚೆನ್ನಾಗಿ ತಿಳಿಯಿತು. ತಲಪಾಡಿಯ ಗಡಿ ಮುಚ್ಚಿತು, ಇತರ ದಾರಿಗಳಿಗೆ ಮಣ್ಣು ಬಿತ್ತು. ತಲೆಮಾರುಗಳಿಂದ ಮಂಗಳೂರನ್ನೇ ನಂಬಿದ್ದ ರೋಗಿಗಳು ಆಂಬುಲೆನ್ಸಿನಲ್ಲಿಯೇ ಹಿಂದಿರುಗಬೇಕಾಯಿತು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಎಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆರವುಗೊಳಿಸುವಂತೆ ಕೇಂದ್ರಕ್ಕೆ ಆದೇಶಿಸಬೇಕಾಗಿ ಬಂದಿತು. ಅತ್ತ ನಮ್ಮವರೆಂದವರು ಬಾಗಿಲು ಹಾಕಿದರು, ಇತ್ತ ನಮ್ಮ ಜಿಲ್ಲೆಗೆ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಇರಲಿಲ್ಲ. 2013ರಲ್ಲಿ ಶಿಲಾನ್ಯಾಸವಾಗಿದ್ದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ಆ ಎಪ್ರಿಲಿನಲ್ಲಿ ಅವಸರವಸರವಾಗಿ ಕೊರೋನಾ ಆಸ್ಪತ್ರೆಯನ್ನಾಗಿ ಮಾಡಲಾಯಿತು. ಬಾಯಾರಿದಾಗ ಬಾವಿ ತೋಡುವುದೆಂದರೆ ಇದುವೆ.

ಹಣದ ಮಾತನ್ನೂ ಆಡಬೇಕು. ಕೊರೋನಾದಿಂದ ಮೃತರಾದವರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ 2021ರಲ್ಲಿ ಗೊತ್ತಾಯಿತು. ಸಾಯದೆ ಉಳಿದು ದುಡಿಯಲಾರದವರಿಗೆ ಅಂತಹುದೇನೂ ಗೊತ್ತಾಗಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಶ್ವಾಸಕೋಶದ ಹಾನಿ ಅವುಗಳಲ್ಲಿ ಸೇರಿಲ್ಲ. ಕಾಲು ಮುರಿದವನಿಗೆ ಸಿಗುವ ಪ್ರಮಾಣಪತ್ರ ಉಸಿರು ಮುರಿದವನಿಗೆ ಸಿಗುವುದಿಲ್ಲ. ಸಂಸತ್ತಿನಲ್ಲಿ ಈ ಪ್ರಶ್ನೆಯನ್ನೆತ್ತಲು ನಮ್ಮ ಪ್ರತಿನಿಧಿಗಳಿಗೆ ಯಾವ ಭಾಷೆಯೂ ಅಡ್ಡಿಯಾಗಲಾರದು.

ಜಿಲ್ಲಾ ಆರೋಗ್ಯ ಇಲಾಖೆಯಿಂದ ನಾವು ಕೇಳುವುದು ಹೆಚ್ಚಿನದೇನಲ್ಲ. ಅಂದು ಆಮ್ಲಜನಕ ಪಡೆದವರ ಹೆಸರುಗಳು ದಾಖಲೆಯಲ್ಲಿವೆ. ಆಶಾ ಕಾರ್ಯಕರ್ತೆಯರ ಮೂಲಕ ಅವರನ್ನು ಒಮ್ಮೆ ಕುಟುಂಬ ಆರೋಗ್ಯ ಕೇಂದ್ರಕ್ಕೆ ಕರೆಸಲಿ, ನಡೆಸಿ ಪರೀಕ್ಷಿಸಲಿ. ಈ ಪರೀಕ್ಷೆಗೆ ಬೇಕಾದುದು 30 ಮೀಟರು ಉದ್ದದ ಸಮತಟ್ಟಾದ ಜಾಗ, ಒಂದು ಗಡಿಯಾರ, ಬೆರಳಿನ ಒಂದು ಯಂತ್ರ. ಜಾಗವಿಲ್ಲವೆಂದಾದರೆ ನಮ್ಮ ಶಾಲೆಗಳ ಜಗಲಿ ಭಾನುವಾರ ಖಾಲಿಯೇ ಇರುತ್ತದೆ. ಮುಂದೆ ಯಾವುದೇ ವೈರಸ್ ನ್ಯುಮೋನಿಯಕ್ಕಾಗಿ ದಾಖಲಾದವರಿಗೆ ಬಿಡುಗಡೆಯ ಚೀಟಿಯಲ್ಲಿಯೇ ಸುಮಾರು 12 ವಾರಗಳ ಬಳಿಕದ ಮರುಪರೀಕ್ಷೆಯ ದಿನವನ್ನು ಬರೆದುಕೊಡಲಿ, ಕನ್ನಡದಲ್ಲಿಯೂ ಬರೆದುಕೊಡಲಿ. ಏದುಸಿರಿನ ಬಗ್ಗೆ ದಾದಿಯರು ಕೇಳಬೇಕಾದ ಪ್ರಶ್ನೆಗಳ ಕನ್ನಡ ರೂಪ ಒಂದು ಪುಟವನ್ನು ಮೀರದು. ಇಲಾಖೆಯು ಮಲೆಯಾಳದ ಪ್ರತಿಯನ್ನು ಕಳುಹಿಸಿದರೆ ಅದನ್ನು ಒಂದು ಸಂಜೆಯೊಳಗೆ ಕನ್ನಡಕ್ಕೆ ತಂದು ಕೊಡಲು ಇಲ್ಲಿನ ಕನ್ನಡ ಅಧ್ಯಾಪಕರು ಸಿದ್ಧರಿದ್ದೇವೆ, ಸಂಭಾವನೆ ಬೇಡ.