ಉರಿಯುವ ನೆಲ
ಭತ್ತ ಬೆಳೆಯುವ ಉದ್ದೇಶದಿಂದ, 1990ರ ದಶಕದಲ್ಲಿ ಇಂಡೊನೇಷ್ಯದ ಸರ್ಕಾರವು ಮಧ್ಯ ಕಾಲಿಮಂತಾನಿನ ಸುಮಾರು 10 ಲಕ್ಷ ಹೆಕ್ಟೇರ್ ಜೌಗುಕಾಡಿನಲ್ಲಿ ಕಾಲುವೆಗಳನ್ನು ತೋಡಿಸಿ, ಸಹಸ್ರಾರು ವರ್ಷಗಳಿಂದ ನೀರಿನಡಿ ಕೊಳೆಯದೆ ಸಂಚಿತವಾಗಿದ್ದ ಸಸ್ಯಾವಶೇಷಗಳ ನೆಲವನ್ನೇ ಬಸಿದು ಒಣಗಿಸಿತು. ಭತ್ತವೂ ಕೈಗೆ ಬರಲಿಲ್ಲ, ಕಾಡೂ ಉಳಿಯಲಿಲ್ಲ. ಹಾಗೆ ಒಣಗಿದ ಕಪ್ಪು ನೆಲಕ್ಕಿಳಿದ ಕಿಡಿ, ಮೇಲೆ ಜ್ವಾಲೆ ತೋರದೆ, ಬೇರುಗಳ ಜಾಡು ಹಿಡಿದು, ಮಳೆ ಬರುವವರೆಗೂ ಒಳಗೊಳಗೇ ಹೊಗೆಯಾಡುತ್ತಿರುತ್ತದೆ. 2015ರಲ್ಲಿ ಆ ದೇಶದ ಸುಮಾರು 26 ಲಕ್ಷ ಹೆಕ್ಟೇರ್ ದಗ್ಧವಾದಾಗ, ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳ ಅನೇಕ ದಿನಗಳಲ್ಲಿ ಈ ಬೆಂಕಿ ಉಗುಳಿದ ಹಸಿರುಮನೆ ಅನಿಲವು ಸಮಸ್ತ ಅಮೆರಿಕದ ದೈನಂದಿನ ವಿಸರ್ಜನೆಯನ್ನೂ ಮೀರಿತು. ಮಧ್ಯ ಕಾಲಿಮಂತಾನಿನ ಪಾಲಂಕರಾಯ ಪಟ್ಟಣದಲ್ಲಿ ಹಗಲೇ ಹಳದಿ ಕತ್ತಲೆ ಕವಿಯಿತು. ಬೆಂಕಿ ಹಚ್ಚಿದವರನ್ನು ದಂಡಿಸುವುದು ಯುಕ್ತವೇ ಸರಿ. ಆದರೆ ಕಾಲುವೆಗಳಿಗೆ ಒಡ್ಡು ಕಟ್ಟಿ ನೆಲವನ್ನು ಪುನಃ ತೋಯಿಸುವ ಕಾರ್ಯವು ಯಾವ ಕಾರಣಕ್ಕೂ ನಿಲ್ಲತಕ್ಕುದಲ್ಲ.