ತುಕ್ಕು ಹಿಡಿದ ಬೋಲ್ಟ್ ಬಿಚ್ಚೋದು ನಮ್ಮ ಸಿಲಬಸ್‌ನಲ್ಲಿ ಯಾಕಿಲ್ಲ?

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಹತ್ತನೇ ಕ್ಲಾಸ್ ಆದಮೇಲೆ ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಆದರೆ ಈ ವಿಷಯ ಕನ್ನಡದಲ್ಲೇ ಬರೀಬೇಕು ಅನ್ನಿಸ್ತು, ಯಾಕಂದ್ರೆ ನನಗೆ ಪಾಠ ಕಲಿಸಿದ ಮನುಷ್ಯ ಕನ್ನಡದಲ್ಲೇ ಬೈದಿದ್ದು.

ದಸರಾ ರಜೆಗೆ ಉಡುಪಿ ಹತ್ತಿರ ಇರೋ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಮನೆಯಿಂದ ಸಮುದ್ರಕ್ಕೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಅವರ ಹದಿನಾಲ್ಕು ವರ್ಷದ ಹಳೇ ಕಾರು ಹಂಪ್ ಹತ್ತಿ ಇಳಿಯುವಾಗೆಲ್ಲ ಮುಂದಿನ ಎಡ ಚಕ್ರದ ಹತ್ತಿರ 'ಟಕ್ ಟಕ್' ಅಂತಿತ್ತು. ನೋಡಿದ್ರೆ ಲೋವರ್ ಆರ್ಮ್‌ನ ರಬ್ಬರ್ ಬುಷ್ ಹರಿದುಹೋಗಿತ್ತು. ಹೊಸ ಆರ್ಮ್ ತಂದು ನಾವೇ ಹಾಕೋಣ ಅಂದೆ. "ನಿನಗೆ ಬರ್ತದಾ?" ಅಂದ್ರು ಚಿಕ್ಕಪ್ಪ. "ಮೆಕ್ಯಾನಿಕಲ್ ಓದ್ತಿದೀನಲ್ಲ ಚಿಕ್ಕಪ್ಪ" ಅಂದೆ. ಅವತ್ತು ಶನಿವಾರ. ಸೋಮವಾರ ಬೆಳಗ್ಗೆ ಅಜ್ಜಿಯನ್ನು ಅದೇ ಕಾರಲ್ಲಿ ಮಣಿಪಾಲಕ್ಕೆ ಡಾಕ್ಟರ್ ಹತ್ರ ಕರೆದುಕೊಂಡು ಹೋಗಬೇಕಿತ್ತು.

ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿದ್ವಿ. ಬೇರೆ ಬ್ರಾಂಚ್‌ನವರಿಗೆ ಒಂದು ಮಾತು: ಲೋವರ್ ಆರ್ಮ್ ಅಂದ್ರೆ ಚಕ್ರವನ್ನು ಗಾಡಿಯ ಚಾಸಿಗೆ ಜೋಡಿಸುವ ಕೈ. ಅದರ ತುದಿಯಲ್ಲಿ ರಬ್ಬರ್ ಬುಷ್, ಬುಷ್ ನಡುವೆ ಒಂದು ಸ್ಟೀಲ್ ಕೊಳವೆ. ಕೊಳವೆಯ ಒಳಗಿಂದ ಉದ್ದದ ಬೋಲ್ಟ್ ಹಾದು, ಆಚೆ ಬದಿಯಲ್ಲಿ ಬ್ರಾಕೆಟ್‌ಗೇ ವೆಲ್ಡ್ ಆಗಿರೋ ನಟ್ಟಿಗೆ ಕೂರುತ್ತೆ.

ಸ್ಪ್ಯಾನರ್ ಹಾಕಿ ತಿರುಗಿಸಿದೆ. ಬೋಲ್ಟ್ ಸ್ವಲ್ಪ ತಿರುಗ್ತು. ಖುಷಿಯಾಯ್ತು. ಕೈ ಬಿಟ್ಟ ತಕ್ಷಣ ವಾಪಸ್ ಬಂತು! ಚಿಕ್ಕಪ್ಪ ಅಂದ್ರು, "ಅದು ಸ್ಪ್ರಿಂಗಿನ ಹಾಗೆ ವಾಪಸ್ ಬರ್ತಾ ಉಂಟಲ್ಲ ಮಾರಾಯ, ಸ್ವಲ್ಪ ನಿಲ್ಲು." ನಾನು ನಿಲ್ಲಲಿಲ್ಲ. ಸ್ಪ್ಯಾನರ್‌ಗೆ ಒಂದು ಮೀಟರ್ ಉದ್ದದ ಪೈಪ್ ತೂರಿಸಿ ಜೋತುಬಿದ್ದೆ. 'ಟಣ್' ಅಂತ ಸದ್ದಾಯ್ತು. ಬೋಲ್ಟಿನ ತಲೆ ನನ್ನ ಕಾಲ ಹತ್ತಿರ ಬಿದ್ದಿತ್ತು. ಉಳಿದ ಮೈಯೆಲ್ಲ ಒಳಗೇ ಇತ್ತು.

ಈಗ ಯೋಚನೆ ಮಾಡಿದ್ರೆ ನಾಚಿಕೆ ಆಗುತ್ತೆ. ಯಾಕಂದ್ರೆ ಅಲ್ಲಿ ಆಗಿದ್ದೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡ ವಿಷಯವೇ. ಕಬ್ಬಿಣ ತುಕ್ಕಾದಾಗ ಎರಡು ಪಟ್ಟಿಗಿಂತ ಹೆಚ್ಚು ಜಾಗ ಬೇಡುತ್ತೆ. ಕೊಳವೆ ಮತ್ತು ಬೋಲ್ಟ್ ನಡುವೆ ಇರೋ ಕೂದಲೆಳೆಯಷ್ಟು ಸಂದಿಯಲ್ಲಿ ಆ ಜಾಗ ಎಲ್ಲಿದೆ? ಹಾಗಾಗಿ ಎರಡೂ ಕಚ್ಚಿಕೊಂಡು ಒಂದೇ ಆಗ್ತವೆ. ಕಡಲ ಗಾಳಿಯ ಉಪ್ಪು ಇದನ್ನು ಇನ್ನೂ ಬೇಗ ಮಾಡಿಸುತ್ತೆ. ಬೋಲ್ಟ್ ವಾಪಸ್ ಬಂದಿದ್ದು ಯಾಕೆ ಅಂದ್ರೆ ನಾನು ತಿರುಗಿಸ್ತಿದ್ದದ್ದು ತ್ರೆಡ್ ಅಲ್ಲ, ಕೊಳವೆ ಜೊತೆಗೆ ರಬ್ಬರನ್ನು. ಇನ್ನು ಪೈಪ್ ಲೆಕ್ಕ ನೋಡಿ. ಒಂದು ಮೀಟರ್ ದೂರದಲ್ಲಿ ಸುಮಾರು 30 ಕೆಜಿ ಭಾರ ಹಾಕಿದ್ರೂ 300 ನ್ಯೂಟನ್ ಮೀಟರ್ ಆಗುತ್ತೆ. 8.8 ಗ್ರೇಡಿನ 12 ಮಿಲಿಮೀಟರ್ ಬೋಲ್ಟ್ ಮುರಿಯೋಕೆ ಸುಮಾರು ಅದರ ಅರ್ಧ ಸಾಕು. ಮೇಲಿಂದ, ತಿರುಚುವ ಬಲವನ್ನು ತಡೆಯೋ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಬದಲಾಗುತ್ತೆ. ತುಕ್ಕು ತಿಂದು ವ್ಯಾಸ ಹತ್ತು ಪರ್ಸೆಂಟ್ ಕಡಿಮೆಯಾದ್ರೆ ಶಕ್ತಿ 27 ಪರ್ಸೆಂಟ್ ಹೋಗುತ್ತೆ. ಇಷ್ಟೆಲ್ಲ ಗೊತ್ತಿದ್ದೂ ಕೈಗೆ ಮಾತ್ರ ಗೊತ್ತಿರಲಿಲ್ಲ.

ಆಮೇಲೆ ಇನ್ನೊಂದು ತಪ್ಪು ಮಾಡೋದರಲ್ಲಿದ್ದೆ. ಮುರಿದ ಬೋಲ್ಟಿಗೆ ತೂತು ಕೊರೆದು ಎಕ್ಸ್‌ಟ್ರಾಕ್ಟರ್ ಹಾಕೋ ವಿಡಿಯೋ ನೋಡಿ, ಅದನ್ನು ತರೋಕೆ ಚಪ್ಪಲಿ ಹಾಕ್ಕೊಂಡಿದ್ದೆ. ಅಷ್ಟರಲ್ಲಿ ಚಿಕ್ಕಪ್ಪ ಫೋನ್ ಮಾಡಿ ಪರಿಚಯದ ಗ್ಯಾರೇಜ್ ಅಣ್ಣನನ್ನು ಕರೆಸಿದ್ರು. ಅಣ್ಣ ನೋಡಿ ಮೊದಲು ಬೈದ್ರು: "ಬಲ ಇದ್ರೆ ಆಯ್ತಾ? ಅದು ಬರುದಿಲ್ಲ ಅಂತ ಹೇಳಿದ್ದು ನಿಮಗೆ ಕೇಳ್ಲಿಲ್ವಾ?" ಎಕ್ಸ್‌ಟ್ರಾಕ್ಟರ್ ಬೇಡ ಅಂದ್ರು. ಅದು ತುಂಬಾ ಗಟ್ಟಿ, ಆದರೆ ಗಾಜಿನ ಹಾಗೆ ಪಟ್ಟಂತ ಮುರಿಯುತ್ತೆ. ತೂತಿನೊಳಗೆ ಮುರಿದ್ರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯೋದೇ ಇಲ್ಲ. ಇಷ್ಟು ಕಚ್ಚಿರೋ ಬೋಲ್ಟಿಗೆ ಅದು ಎರಡನೇ ಅನಾಹುತ.

ಅವರು ಮಾಡಿದ್ದು ಹೀಗೆ. ಬುಷ್ ಮತ್ತು ಬ್ರಾಕೆಟ್ ನಡುವಿನ ಸಂದಿಗೆ ಗರಗಸದ ಬ್ಲೇಡ್ ತೂರಿಸಿ ಎರಡೂ ಬದಿ ಬೋಲ್ಟನ್ನು ಕತ್ತರಿಸಿದ್ರು. ಹಳೇ ಆರ್ಮ್ ಹೇಗೂ ಗುಜರಿಗೆ, ಅದು ಕೊಳವೆ ಸಮೇತ ಹೊರಗೆ ಬಂತು. ಉಳಿದದ್ದು ವೆಲ್ಡ್ ಆದ ನಟ್ಟಿನೊಳಗಿನ ತುಂಡು. ಬ್ಯಾಟರಿ ವಯರ್ ಬಿಚ್ಚಿದ್ರು, ಬ್ರೇಕ್ ಹೋಸ್ ಸರಿಸಿ ಒದ್ದೆ ಗೋಣಿ ಹೊದೆಸಿದ್ರು, ಪೆಟ್ರೋಲ್ ಪೈಪ್ ಎಲ್ಲಿದೆ ಅಂತ ನೋಡಿದ್ರು, ಪಕ್ಕದಲ್ಲಿ ಬಕೆಟ್ ನೀರಿಟ್ಟರು. ಆಮೇಲೆ ತುಂಡಿನ ಮೇಲೆ ಒಂದು ನಟ್ ಇಟ್ಟು, ಅದರ ತೂತಿನೊಳಗೆ ವೆಲ್ಡ್ ತುಂಬಿದ್ರು. ಹಿಡಿಯೋಕೆ ಹೊಸ ತಲೆಯೂ ಆಯ್ತು, ಒಳಗಿನ ತುಕ್ಕಿಗೆ ಶಾಖವೂ ತಾಗ್ತು. ಕೆಂಪು ಆರುವವರೆಗೆ ಕಾದು, ಸ್ಪ್ಯಾನರ್ ಹಾಕಿ ಸ್ವಲ್ಪ ಬಿಚ್ಚೋದು, ಮತ್ತೆ ಸ್ವಲ್ಪ ಮುಚ್ಚೋದು, ಎಣ್ಣೆ ಬಿಡೋದು. ಮೊದಲ ನಟ್ ಕಿತ್ತು ಬಂತು. ಎರಡನೇದು ನಿಂತಿತು. ಅರ್ಧ ಗಂಟೆಯಲ್ಲಿ ತುಂಡು ಹೊರಗೆ.

ಹೊಸ ಬೋಲ್ಟ್ ಹಾಕುವಾಗ ಅಣ್ಣ ಅದರ ನಯವಾದ ಭಾಗಕ್ಕೆ ಮಾತ್ರ ಗ್ರೀಸ್ ಸವರಿದ್ರು, ತ್ರೆಡ್‌ಗೆ ಅಲ್ಲ. ಯಾಕೆ ಅಂತ ಅವರು ಹೇಳಲಿಲ್ಲ, ನನಗೆ ಹೊಳೀತು. ನಾವು ಹಾಕುವ ಟಾರ್ಕ್‌ನಲ್ಲಿ ಸುಮಾರು 90 ಪರ್ಸೆಂಟ್ ಘರ್ಷಣೆಗೇ ಹೋಗುತ್ತೆ, ಬೋಲ್ಟನ್ನು ಎಳೆಯೋದು ಉಳಿದ ಹತ್ತು. ತ್ರೆಡ್‌ಗೆ ಗ್ರೀಸ್ ಹಚ್ಚಿ ಅದೇ ಟಾರ್ಕ್ ಕೊಟ್ರೆ ಬೋಲ್ಟ್ ಮೇಲೆ ಬೀಳೋ ಎಳೆತ ಜಾಸ್ತಿಯಾಗುತ್ತೆ. ಕೊನೆಯ ಬಿಗಿತವನ್ನು ಚಕ್ರ ನೆಲಕ್ಕಿಳಿಸಿ, ಗಾಡಿ ಭಾರ ಬಿದ್ದ ಮೇಲೆ ಕೊಟ್ಟರು. ಇಲ್ಲದಿದ್ರೆ ಹೊಸ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಸೋಮವಾರ ಅಜ್ಜಿ ಅದೇ ಕಾರಲ್ಲಿ ಹೋಗಿ ಬಂದ್ರು.

ಈಗ ನನ್ನ ವಾದಕ್ಕೆ ಬರ್ತೀನಿ. ಫಸ್ಟ್ ಇಯರ್ ವರ್ಕ್‌ಶಾಪ್‌ನಲ್ಲಿ ನಾವು ಮಾಡಿದ್ದೇನು? ಹೊಸ ಪ್ಲೇಟ್ ತಗೊಂಡು ಫೈಲ್ ಉಜ್ಜಿ ವಿ-ಜಾಯಿಂಟ್ ಮಾಡಿದ್ವಿ. ತೂತು ಕೊರೆದು ಟ್ಯಾಪ್ ಹಾಕಿದ್ವಿ. ಎಲ್ಲ ಹೊಸ ಲೋಹ, ಎಲ್ಲ ಸೊನ್ನೆಯಿಂದ ಶುರು. ನಮ್ಮ ಬ್ಯಾಚಲ್ಲಿ ಒಬ್ಬನ ಟ್ಯಾಪ್ ತೂತಿನೊಳಗೇ ಮುರೀತು. ಏನ್ಮಾಡಿದ? ಮಾರ್ಕ್ಸ್ ಹೋಗುತ್ತೆ ಅಂತ ಆ ಪ್ಲೇಟನ್ನು ಬ್ಯಾಗಿಗೆ ತುರುಕಿ, ಸೀನಿಯರ್ ಹತ್ರ ಹಳೇ ಜಾಬ್ ತಂದು ತೋರಿಸಿದ. ನಾವೆಲ್ಲ ನಕ್ಕಿದ್ವಿ. ಈಗ ಅನ್ನಿಸುತ್ತೆ, ಇಡೀ ಸೆಮಿಸ್ಟರ್‌ನಲ್ಲಿ ನಿಜವಾದ ಎಂಜಿನಿಯರಿಂಗ್ ಪ್ರಶ್ನೆ ಇದ್ದದ್ದು ಆ ಪ್ಲೇಟಲ್ಲೇ. ಅದನ್ನೇ ಬಚ್ಚಿಟ್ಟುಬಿಟ್ವಿ.

"ಅದು ಗ್ಯಾರೇಜ್ ಕೆಲಸ, ಎಂಜಿನಿಯರ್ ಮಾಡೋದಲ್ಲ" ಅಂತ ಕೆಲವರು ಹೇಳ್ತಾರೆ. ಒಪ್ಪಲ್ಲ. ಆ ನಟ್ಟನ್ನು ಬ್ರಾಕೆಟ್‌ಗೆ ವೆಲ್ಡ್ ಮಾಡಬೇಕಾ ಬೇಡವಾ, ಬೋಲ್ಟಿಗೆ ಯಾವ ಕೋಟಿಂಗ್, ಅಲ್ಲಿ ಸ್ಪ್ಯಾನರ್ ತೂರುವಷ್ಟು ಜಾಗ ಇದೆಯಾ, ಇದನ್ನೆಲ್ಲ ನಿರ್ಧಾರ ಮಾಡಿದ್ದು ಯಾರೋ ಒಬ್ಬ ಎಂಜಿನಿಯರ್, ಕಂಪ್ಯೂಟರ್ ಮುಂದೆ ಕೂತು. ಮೂರು ವರ್ಷದ ನಂತರ ಅದೇ ಕುರ್ಚಿಯಲ್ಲಿ ನಾವು ಇರ್ತೀವಿ. ಹದಿನಾಲ್ಕು ವರ್ಷ ಉಪ್ಪುಗಾಳಿ ತಿಂದ ಬೋಲ್ಟ್ ಹೇಗಿರುತ್ತೆ ಅಂತ ಒಮ್ಮೆಯೂ ಮುಟ್ಟಿ ನೋಡದೇ ಡ್ರಾಯಿಂಗ್ ಮಾಡ್ತೀವಿ.

ಹಾಗಾಗಿ ವರ್ಕ್‌ಶಾಪ್ ಸರ್‌ಗಳಿಗೆ ಒಂದು ಕೋರಿಕೆ. ಗುಜರಿಯಿಂದ ಹಳೇ ಸಸ್ಪೆನ್ಷನ್ ಆರ್ಮ್‌ಗಳನ್ನು, ಕಚ್ಚಿದ ಮತ್ತು ಮುರಿದ ಬೋಲ್ಟ್ ಇರೋವನ್ನೇ ನೋಡಿ ತರಿಸಿ. ನಾಲ್ಕು ಜನರಿಗೆ ಒಂದು ಕೊಡಿ. ಬಿಚ್ಚಿದ್ರೆ ಇಷ್ಟು ಮಾರ್ಕ್ಸ್ ಅಂತ ಇಡಬೇಡಿ. ಮೊದಲು ಏನು ನೋಡಿದ್ರಿ, ಏನು ಪ್ರಯತ್ನ ಮಾಡಿದ್ರಿ, ಯಾವಾಗ ನಿಲ್ಲಿಸಿದ್ರಿ, ಯಾಕೆ, ಇದನ್ನು ಬರೆಸಿ ಮಾರ್ಕ್ಸ್ ಕೊಡಿ. ಸಾಧ್ಯವಾದ್ರೆ ಒಂದು ದಿನ ಗ್ಯಾರೇಜ್‌ನವರೊಬ್ಬರನ್ನು ಕರೆಸಿ, ಅವರಿಗೆ ಗೌರವಧನವನ್ನೂ ಕೊಡಿ. ನಾನು ಒಬ್ಬನೇ ಕೇಳಿದ್ರೆ ಆಗಲ್ಲ, ಫ್ರೆಂಡ್ಸ್. ಒಂದು ಅರ್ಜಿ ಬರೆದಿದ್ದೀನಿ, ಓದಿ ಸರಿ ಅನ್ನಿಸಿದ್ರೆ ಸಹಿ ಹಾಕಿ.

ಆ ಮುರಿದ ಬೋಲ್ಟಿನ ತಲೆ ನನ್ನ ಹಾಸ್ಟೆಲ್ ಟೇಬಲ್ ಮೇಲಿದೆ. ಅರ್ಜಿಯ ಹಾಳೆ ಹಾರದ ಹಾಗೆ ಅದನ್ನೇ ಮೇಲಿಟ್ಟಿದ್ದೀನಿ.